ಬಿಗಿಯಾದ ಹಗ್ಗ

“ಹಗ್ಗಕ್ಕೆ ನನ್ನ ಒಂದು ತಿಂಗಳ ಸಂಬಳ ಹೋಯ್ತು, ಬಂಡೆಗೆ ಎರಡು ವರ್ಷದ ಭಾನುವಾರ ಹೋಯ್ತು. ಇಷ್ಟಾದ್ಮೇಲೆ ಸುಳ್ಳು ಹೇಳ್ತೀಯಲ್ಲೋ?”

ಬಸ್ಸಿನ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ದರ್ಜಿ ಹೆಂಗಸು ಕಣ್ಣು ಬಿಟ್ಟಳು. ಅವಳ ಮುಂದಿನ ಸೀಟಿನಲ್ಲಿ ಅಕ್ಕ, ತಮ್ಮ. ಅಕ್ಕನ ತೊಡೆಯ ಮೇಲೆ ಹಗ್ಗದ ಸುರುಳಿ. ಬಂಡೆ ಹತ್ತಿ ಬಂದ ತಮ್ಮನ ಬೆರಳ ತುದಿಗಳು ಸುಲಿದುಹೋಗಿದ್ದವು.

“ಸುಳ್ಳೇನು? ತುದಿ ಮುಟ್ಟಿದೆನಲ್ಲ.”

“ನಡುವೆ ಹಗ್ಗಕ್ಕೆ ಜೋತುಬಿದ್ದು ಸುಧಾರಿಸ್ಕೊಂಡೆ. ಕೆಳಗೆ ಹಗ್ಗ ಸೊಂಟಕ್ಕೆ ಕಟ್ಕೊಂಡು ಹಿಡಿದೋಳು ನಾನು. ನಿನ್ನ ಭಾರ ನನ್ನ ಸೊಂಟಕ್ಕೆ ಬಂತು ಕಣೋ.”

“ಅರೆಗಳಿಗೆ ಅಷ್ಟೇ. ಜೋತುಬೀಳದೆ ಮೊದಲು ಹತ್ತಿದೋನೇ ಬಂಡೆ ಮೇಲಿನ ಆ ದಾರಿಗೆ ಹೆಸರಿಡೋದು. ಬಂಡೆ ಹತ್ತೋ ಕ್ಲಬ್ಬಿನವರು ‘ಜೋತುಬೀಳದೆ ಹತ್ತಿದ್ನಾ’ ಅಂತ ನಿನ್ನ ಕೇಳ್ತಾರೆ. ಹೂಂ ಅಂದ್ಬಿಡು, ನಿನ್ನ ಗಂಟೇನು ಹೋಗುತ್ತೆ?”

“ನಾಚಿಕೆ ಆಗಲ್ವಾ?”

“ನಿನಗೆ ಹೊಟ್ಟೆಕಿಚ್ಚು. ಅರ್ಧವೂ ಹತ್ತೋಕೆ ಆಗ್ಲಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.”

“ನಾನು ನೆಲ ಡೊಂಕು ಅನ್ಲಿಲ್ಲ. ನನ್ನ ಕೈಲಿ ಆಗ್ಲಿಲ್ಲ ಅಂತಾನೇ ಒಪ್ಕೊಂಡೆ.”

ಅಕ್ಕ ಇಳಿಯುವ ನಿಲ್ದಾಣ ಬಂತು. ಅವಳು ಎದ್ದು ಹಗ್ಗವನ್ನು ಹೆಗಲಿಗೇರಿಸಿದಳು.

“ಒಡಹುಟ್ಟಿದ ಋಣಕ್ಕೆ ಹೂಂ ಅಂತೀನಿ. ಹೆಸರಿಟ್ಕೋ. ಇನ್ಮೇಲೆ ಹಗ್ಗ ಹಿಡಿಯೋಕೆ ಬೇರೆಯವರನ್ನ ನೋಡ್ಕೋ.”

“ಇಷ್ಟಕ್ಕೇನಾ?”

“ನಾಳೆ ನಾನು ಹತ್ತೋ ಹೊತ್ತಿಗೆ ಗಂಟು ಸರಿಯಿದೆಯಾ ಅಂತ ಕೇಳ್ತೀನಿ. ನೀನು ಹೂಂ ಅಂತೀಯ. ಅದನ್ನ ಹೇಗೋ ನಂಬ್ಲಿ?”

ಅವಳು ಇಳಿದು ಹೋದಳು. ಮುಂದಿನ ನಿಲ್ದಾಣದಲ್ಲಿ ತಮ್ಮ ಬರಿಗೈಯಲ್ಲಿ ಇಳಿದ. ಬಂಡೆಯ ದಾರಿಗೆ ಹೆಸರಿಡುವ ಹಕ್ಕು ಅವನಿಗೆ ದಕ್ಕಿತ್ತು. ಹಗ್ಗ ಹಿಡಿಯುವ ಅಕ್ಕ ಕೈತಪ್ಪಿದ್ದಳು.