ಕೋಲಕ್ಕೆ ನುಂಗಿದ ಮಾತ್ರೆ

ಅಜ್ಜನಿಗೆ ಮರೆವು ಅಂತ ಹಲ್ಲು ಕಿಸಿಯುವವರು ಸ್ವಲ್ಪ ಬಾಯಿ ಮುಚ್ಚಿ ಕೇಳಿ ಮಾರಾಯ್ರೆ. ನಾನು ಮರೆಯುವುದು ಕನ್ನಡಕ ಇಟ್ಟ ಜಾಗ, ಜನರ ಮಾತಲ್ಲ. ನಿನ್ನೆ ಕದ್ರಿಯ ಬಸ್‌ಸ್ಟಾಪಿನಲ್ಲಿ ನಮ್ಮ ಕುಟುಂಬದವಳೇ ಉರ್ವದ ಬಾಗಿ, ಅವಳ ಸೊಸೆ ಪ್ರಾಪ್ತಿ, ಸ್ಕ್ಯಾನ್ ಮುಗಿಸಿ ಬಂದು ಪಕ್ಕದಲ್ಲೇ ಕೂತರು. ಪ್ರಾಪ್ತಿಗೆ ಪಿಸಿಒಡಿ, ಮುಟ್ಟು ಸರಿಯಾಗಿ ಬರುವುದಿಲ್ಲ; ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಿಲ್ಲ. ಗಂಡ ಲತೇಶ ದುಬೈಯಿಂದ ವರ್ಷಕ್ಕೆ ಒಂದು ತಿಂಗಳು ಬರುವವ.

"ಡಾಕ್ಟ್ರು ಒಳಗೆ ಎಂತ ಹೇಳಿದ್ರು?" ಹೊರಗೆ ಕಾದಿದ್ದ ಬಾಗಿ ಕೇಳಿದಳು.

"ಅಂಡ ಇನ್ನೂ ಬೆಳೆದಿಲ್ಲಂತೆ ಮಾಮಿ. ಹತ್ತು ದಿವಸ ಬೇಕಂತೆ."

"ಲತೇಶ ಶುಕ್ರವಾರ ಹೊರಡ್ತಾನಲ್ಲ."

"ಹೇಳಿದೆ. ಮುಟ್ಟು ಮುಂದೆ ಹಾಕ್ಲಿಕ್ಕೆ ಮಾತ್ರೆ ತಗೊಂಡಿದ್ರಾ ಅಂತ ಕೇಳಿದ್ರು."

"ನೀನೆಂತ ಹೇಳಿದೆ?"

"ಹೌದು, ಮನೆಯ ದೈವದ ಕೋಲ ಇತ್ತು ಅಂದೆ."

"ನಾನು ತಂದುಕೊಟ್ಟದ್ದು ಅಂತ ಹೇಳಿದೆಯಾ?"

"ಇಲ್ಲ ಮಾಮಿ."

"ಮುಟ್ಟಾಗಿ ನೀನು ಹೊರಗೆ ಕೂತರೆ ದೈವದ ಎದುರು ನಿಲ್ಲುವುದು ಯಾರು? ನಿನಗೆ ಮಗು ಆಗ್ಲಿ ಅಂತಲೇ ಅಲ್ವಾ ಹರಕೆ ಹೇಳಿದ್ದು?"

"ಹೌದು. ಆ ಮಾತ್ರೆಯಿಂದಲೇ ಈ ತಿಂಗಳು ಎಲ್ಲ ಹಿಂದೆ ಬಿತ್ತಂತೆ."

ಬಾಗಿ ಬಸ್ಸು ಬರ್ತದಾ ಅಂತ ಬಗ್ಗಿ ನೋಡಿದಳು. "ಬರುವ ವರ್ಷ ಉಂಟಲ್ಲ ಮಗಾ."

ಪ್ರಾಪ್ತಿ ಸ್ಕ್ಯಾನಿನ ಕಾಗದ ಮಡಚಿದಳು, ಮತ್ತೂ ಮಡಚಿದಳು, ಪರ್ಸಿನಲ್ಲಿ ಹಿಡಿಯುವಷ್ಟು ಸಣ್ಣದು ಮಾಡಿದಳು.

"ಬರುವ ವರ್ಷವೂ ಅವರಿಗೆ ರಜೆ ಸಿಗುವುದು ಕೋಲಕ್ಕೇ ಅಲ್ವಾ ಮಾಮಿ?"

ಬಸ್ಸು ಬಂತು. ಬಾಗಿ ಮೊದಲು ಹತ್ತಿದಳು. ಹಿಂದಿನಿಂದ ಸೊಸೆ ಮೆಲ್ಲ ಕೇಳಿದಳು, "ಆಗಲೂ ಮಾತ್ರೆ ನೀವೇ ತರ್ತೀರಾ?"

ಅಷ್ಟರಲ್ಲಿ ಬಸ್ಸು ಹೊರಟಿತು. ಇದನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿ. ಕೋಲದ ತಾರೀಕು ಇಡುವ ಗಂಡಸರು ಮೊದಲು ಕೇಳಲಿ.