ಕೆನ್ನೆಯಲ್ಲೇ ಉಳಿದ ತುತ್ತು

ಒಂದೂರಿನ ಸಿರಿವಂತರ ಮನೆ ಎಂದುಕೊಳ್ಳಿ. ಆ ಮನೆಯ ಸೊಸೆ ಅತ್ತೆಗೆ ಗಂಜಿ ತಿನ್ನಿಸುತ್ತಿದ್ದಾಳೆ. ನಾಲ್ಕನೆಯ ಚಮಚ. ಅತ್ತೆ ನುಂಗಲಿಲ್ಲ, ಉಗುಳಲೂ ಇಲ್ಲ. ಕೆನ್ನೆಯಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತಾ ಕುಳಿತಳು.

ನೋಡಿ ತಾಯಂದಿರೇ, ಈ ಅತ್ತೆಗೆ ಮರೆವಿನ ಕಾಯಿಲೆ. ಅಲ್‌ಝೈಮರ್ ಎನ್ನುತ್ತಾರಲ್ಲ, ಅದು ಕೊನೆಯ ಹಂತಕ್ಕೆ ಬಂದಿದೆ. ಮಾತು ನಿಂತಿದೆ, ನಡಿಗೆ ನಿಂತಿದೆ. ಬಟ್ಟೆ ಒದ್ದೆಯಾದರೂ ಅರಿವಿಲ್ಲ. ಇದೆಲ್ಲ ಕಾಯಿಲೆ ಎಂದು ಸೊಸೆ ಒಪ್ಪಿದ್ದಳು. ಆದರೆ ಈ ತುತ್ತು? ಇದು ಹಠ, ತನ್ನ ಮೇಲಿನ ಹಠ ಎಂದೇ ನಂಬಿದ್ದಳು. ಏಕೆ ಗೊತ್ತೇ? ಮದುವೆಯಾದ ಹೊಸದರಲ್ಲಿ ಇದೇ ಅತ್ತೆ ನೆಂಟರೆದುರು ಎಲೆ ಸರಿಸಿ, "ಇವಳ ಕೈಯಡುಗೆ ನಾನು ಮುಟ್ಟಲ್ಲ" ಎಂದಿದ್ದಳು. ಅದಕ್ಕೊಂದು ಉತ್ತರ ಇಪ್ಪತ್ತೆಂಟು ವರ್ಷದಿಂದ ಸೊಸೆಯ ಎದೆಯಲ್ಲಿ ಸಿದ್ಧವಾಗಿತ್ತು.

ಈಗ ಗಂಜಿ ತಿನ್ನಿಸುವ ಹೊತ್ತಿಗೇ ನಾದಿನಿ ಬಂದಳು. "ಅಮ್ಮಂಗೆ ಮೊದಲಿಂದ್ಲೂ ನಿಮ್ಮ ಕೈಯಡುಗೆ ಸೇರಲ್ಲ ಅಲ್ವಾ ಅತ್ತಿಗೆ? ಕೊಡಿ ಇಲ್ಲಿ."

"ತಗೋಮ್ಮ. ನಿನ್ನ ಕೈಲಾದ್ರೂ ತಿನ್ಲಿ."

ಮಗಳು ತಿನ್ನಿಸಿದಳು. ಅದೂ ಕೆನ್ನೆಯಲ್ಲೇ ಉಳಿಯಿತು. "ಅಮ್ಮಾ, ನಾನ್ಯಾರು ಹೇಳು? ಹೇಳಮ್ಮಾ!" ಎಂದು ಅಳತೊಡಗಿದಳು.

ಅತ್ತೆಯ ಬೆನ್ನಿನ ಹುಣ್ಣಿಗೆ ಮದ್ದು ಹಚ್ಚಲು ಬಂದಿದ್ದ ನರ್ಸ್ ಚಮಚ ಇಸಿದುಕೊಂಡಳು. "ಪರೀಕ್ಷೆ ಯಾಕಕ್ಕಾ ಮಾಡ್ತೀರ? ಅವರಿಗೆ ನುಂಗೋದೇ ಮರ್ತೋಗಿದೆ. ನೆಟ್ಟಗೆ ಕೂರಿಸಿ, ಚೂರುಚೂರೇ ಕೊಡಿ. ಬಾಯಿ ಖಾಲಿಯಾದ್ಮೇಲೇನೇ ಇನ್ನೊಂದು. ಅವಸರ ಮಾಡಿದ್ರೆ ಉಸಿರುನಾಳಕ್ಕೆ ಹೋಗುತ್ತೆ."

ನುಂಗುವುದೇ ಮರೆತಿದೆ! ಹಠವಲ್ಲ, ದ್ವೇಷವಲ್ಲ. ಸೊಸೆಗೆ ಅಳುವ ಬದಲು ನಗು ಬಂತು. ಎಷ್ಟೋ ದಿನದ ಮೇಲೆ ಅವಳ ಹೆಗಲು ಸಡಿಲಾಯಿತು. ಬೆನ್ನಿಗೆ ದಿಂಬು ಒತ್ತಿಟ್ಟು ಅತ್ತೆಯನ್ನು ನೆಟ್ಟಗೆ ಕೂರಿಸಿದಳು, ಕೆನ್ನೆಯಲ್ಲಿ ಉಳಿದದ್ದನ್ನು ಒರೆಸಿ ತೆಗೆದಳು, ಅರ್ಧ ಚಮಚ ಕೊಟ್ಟಳು, ಕಾದಳು. ಬಹಳ ಹೊತ್ತು ಕಾದಳು. ಗಂಟಲು ಒಮ್ಮೆ ಮೇಲೆದ್ದು ಇಳಿಯಿತು.

ತಾಯಂದಿರೇ, ನಿಮ್ಮ ಮನೆಯಲ್ಲಿ ಇಂಥವರಿದ್ದಾರೆಯೇ? ಹಾಗಾದರೆ ನಾಳೆಯಿಂದ ಅವರೆದುರು ನಿಂತು "ನಾನ್ಯಾರು ಹೇಳಿ" ಎಂದು ಕೇಳಬೇಡಿ. ನಿಮ್ಮ ಹೆಸರು ನೀವೇ ಹೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಕಾಯಿಲೆ ಮಾಡಿದ್ದನ್ನು ಮನುಷ್ಯರ ತಲೆಗೆ ಕಟ್ಟಬೇಡಿ. ತುತ್ತು ಇಳಿಯುವವರೆಗೆ ಕಾಯಿರಿ, ಕಾಯುವುದೇ ಸೇವೆ.

ಅತ್ತೆ ಅಂದು ಆಡಿದ ಮಾತು ತಪ್ಪೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಆಡಿದವಳಿಗೇ ಅದು ನೆನಪಿಲ್ಲ, ಉತ್ತರ ಯಾರಿಗೆ ಕೊಡುತ್ತೀರಿ? ಆ ಸೊಸೆ ಅತ್ತೆಯ ಬಾಯಿ ಒರೆಸುತ್ತಾ ಎದೆಯಲ್ಲಿದ್ದ ಆ ಉತ್ತರವನ್ನು ಅಲ್ಲೇ ಬಿಟ್ಟುಬಿಡಲು ನಿರ್ಧರಿಸಿದಳು. ಗಂಡನಿಗೆ ಹೇಳಲಿಲ್ಲ, ನಾದಿನಿಗೂ ಹೇಳಲಿಲ್ಲ. ನೀವೂ ಬಿಡಿ. ಯಾರಿಗೂ ಹೇಳಬೇಕಾಗಿಲ್ಲ.