ಒಂದು ಗೋರಿಯಿಂದ ಬೆಳೆದ ಊರು

ಒಂದೂರಲ್ಲಿ ಅಂತ ಶುರು ಮಾಡೋಣ ಅಂದ್ರೆ, ಆಗ ಅಲ್ಲಿ ಊರೇ ಇರಲಿಲ್ಲ ಪ್ರಿಯರೇ. ಅಮೆರಿಕದ ಟೆಕ್ಸಸ್ ಸೀಮೆ. ಕಣ್ಣು ಹಾಯಿಸಿದಷ್ಟೂ ಹುಲ್ಲು, ನಡುವೆ ಒಂದು ದೊಡ್ಡ ಓಕ್ ಮರ. ಗಂಡ ಹೆಂಡತಿ ಇಬ್ಬರು ಜಮೀನು ಹುಡುಕ್ಕೊಂಡು ಎತ್ತಿನ ಬಂಡಿಯಲ್ಲಿ ಪಶ್ಚಿಮಕ್ಕೆ ಹೊರಟಿದ್ರು. ಜೊತೆಗೆ ಎರಡು ವರ್ಷದ ಮಗು. ದಾರಿಯಲ್ಲಿ ಮಗುವಿಗೆ ಜ್ವರ ಬಂತು, ಮೂರನೇ ದಿನ ತೀರಿಕೊಂಡಿತು. ಆ ಮರದ ಕೆಳಗೇ ಮಣ್ಣು ಮಾಡಿದ್ರು.

ಗಂಡ ಮತ್ತೆ ಎತ್ತು ಹೂಡಿದ. ಹೆಂಡತಿ ಬಂಡಿ ಹತ್ತಲಿಲ್ಲ. ಮಗೂನ ಒಂಟಿಯಾಗಿ ಬಿಟ್ಟು ಬರಲ್ಲ ಅಂದ್ಳು. ಅವನು ಎಷ್ಟೋ ಹೇಳಿ ನೋಡಿದ. ಕೊನೆಗೆ ನೊಗ ಇಳಿಸಿದ. ನೋಡಿ, ಆ ಊರು ಹುಟ್ಟಿದ್ದು ಹಾಗೆ. ನೆಲ ಚೆನ್ನಾಗಿದೆ ಅಂತಲ್ಲ, ನೀರಿದೆ ಅಂತಲ್ಲ. ಒಬ್ಬ ತಾಯಿ ಕದಲಲಿಲ್ಲ, ಅದಕ್ಕೆ.

ಹಿಂದೆ ಬಂದ ಬಂಡಿಗಳು ಅವರ ಒಲೆಯ ಹೊಗೆ ಕಂಡು ನಿಂತವು. ಹತ್ತು ಮನೆ ಆಯ್ತು, ಹಲಗೆಯ ಚರ್ಚು ಆಯ್ತು, ಶಾಲೆ, ಅಂಚೆ ಕಚೇರಿ, ಹತ್ತಿ ಗಿರಣಿ ಎಲ್ಲ ಬಂತು. ಒಂದು ಪದ್ಧತಿಯೂ ಬಂತು. ಪ್ರತಿ ಬೇಸಿಗೆಯಲ್ಲಿ ಒಂದು ದಿನ ಊರವರೆಲ್ಲ ಬುತ್ತಿ ಕಟ್ಟಿಕೊಂಡು, ಗುದ್ದಲಿ ಹಿಡಿದು ಗೋರಿಗಳ ಹತ್ತಿರ ಹೋಗೋರು. ಒಂದು ಎಸಳು ಹುಲ್ಲೂ ಉಳಿಯದ ಹಾಗೆ ಕೆರೆದು ಚೊಕ್ಕ ಮಾಡೋರು. ಆಮೇಲೆ ಮರದ ನೆರಳಲ್ಲಿ ಊಟ. ಊಟ ಆದಮೇಲೆ ಹಿರಿಯರೊಬ್ಬರು ಎದ್ದು ಆ ಬಂಡಿಯ ಕಥೆ ಹೇಳೋರು, ಕೇಳಿದವರು ಕಣ್ಣು ಒರೆಸಿಕೊಳ್ಳೋರು. ಪ್ರತಿ ವರ್ಷ ಹೇಳಿದ್ರು, ಪ್ರತಿ ವರ್ಷ ಅತ್ತರು. ಅದೇ ಜನ ಆ ಗೋರಿಗಳ ನೆಲಕ್ಕೆ ಬೇಲಿ ಹಾಕಿ, ಮೊದಲು ಬಂದ ಮನೆತನದವರಿಗೆ ಮಾತ್ರ ಅಂತ ಬರೆದು ಹಲಗೆ ಹೊಡೆದ್ರು.

ಅಂಥದೇ ಒಂದು ದಿನ ಊಟ ನಡೀತಿರೋವಾಗ ಒಬ್ಬ ಬಂಡಿ ಹೊಡ್ಕೊಂಡು ಬಂದ. ಕೂಲಿಗಾಗಿ ಊರೂರು ಅಲೆಯುವವನು. ಬಂಡಿಯಲ್ಲಿ ಕಂಬಳಿ ಸುತ್ತಿದ ಮಗು, ಬೆಳಿಗ್ಗೆ ಸತ್ತದ್ದು. ಆ ಬಿಸಿಲಲ್ಲಿ ಕಾಯೋ ಹಾಗಿಲ್ಲ. ಮೂರು ಮೊಳ ಜಾಗ ಕೊಡಿ ಅಂದ. ಹಿರಿಯರೇನು ಕೆಟ್ಟವರಲ್ಲ. ಮರ್ಯಾದೆಯಿಂದಲೇ ಹಲಗೆ ತೋರಿಸಿ, ಮುಂದಿನ ಊರಲ್ಲಿ ಕೇಳಪ್ಪ ಅಂದ್ರು. ಊಟ ಮಾಡ್ಕೊಂಡು ಹೋಗು ಅಂತಲೂ ಅಂದ್ರು.

ಆಗ ಎದ್ದಳು, ಮೊದಲ ಗೋರಿಯ ಆ ತಾಯಿ. ವಯಸ್ಸು ಎಂಬತ್ತು ದಾಟಿತ್ತು.

"ನನ್ನ ಮಗೂಗೆ ಗುಂಡಿ ತೋಡ್ತಿದ್ದಾಗ ಈ ನೆಲದ ಮೂಲದ ಜನ ಕುದುರೆ ಮೇಲೆ ಬಂದು ನಿಂತ್ರು. ನೀವ್ಯಾರು ಅಂತ ಕೇಳೋ ಹಕ್ಕು ಅವರಿಗಿತ್ತು. ಕೇಳಲಿಲ್ಲ. ಮಗೂನ ನೋಡಿ, ಕುದುರೆ ತಿರುಗಿಸಿಕೊಂಡು ಹೋದ್ರು. ಈ ಮಾತು ನಿಮ್ಮ ಕಥೇಲಿ ಯಾಕೆ ಬರಲ್ಲ?"

ಅವಳ ಮಗುವಿನ ಒಂದು ಪಕ್ಕ ಗಂಡ ಮಲಗಿದ್ದ, ಇನ್ನೊಂದು ಪಕ್ಕದ ಜಾಗ ಅರವತ್ತು ವರ್ಷದಿಂದ ಅವಳದ್ದು. ಅದನ್ನ ತೋರಿಸಿ, ಇಲ್ಲಿ ತೋಡಿ ಅಂದ್ಳು. ತೋಡಿದ್ರು. ನನ್ನನ್ನ ಬೇಲಿ ಹೊರಗೆ ಇಡಿ ಅಂತಲೂ ಹೇಳಿದ್ಳು. ಆ ಚಳಿಗಾಲದಲ್ಲಿ ಅವಳು ತೀರಿಕೊಂಡಾಗ ಹಾಗೇ ಇಟ್ಟರು. ಊರು ಹುಟ್ಟಿಸಿದವಳು ಹೊರಗೆ, ಊರಿನವರು ಒಳಗೆ. ಒಂದು ವಾರ ನೋಡಿದ್ರು, ಸಹಿಸೋಕೆ ಆಗಲಿಲ್ಲ. ಬೇಲಿ ಕಿತ್ತು ಹಾಕಿದ್ರು.

ಅಲ್ಲಿಯ ಮಾತು ಅಲ್ಲಿಗಿರಲಿ. ನಮ್ಮ ಅಜ್ಜಂದಿರು ಈ ಊರಿಗೆ ಬಂದಾಗ ಅವರ ಕೈಲಿ ಏನಿತ್ತು? ಯಾರೋ ಜಗಲಿ ಕೊಟ್ರು, ಮಲಗಿದ್ರು. ಇವತ್ತು ಬಾಡಿಗೆಗೆ ಮನೆ ಕೇಳಿಕೊಂಡು ಬಂದವರನ್ನ ನಾವು ಮೊದಲು ಕೇಳೋದೇನು? ನೀವು ಯಾವ ಜನ, ಅಲ್ವಾ? ಆ ಪ್ರಶ್ನೆ ಬಿಟ್ಟುಬಿಡಿ. ನಾಳೆಯಿಂದ ಅಲ್ಲ, ಇವತ್ತಿಂದ. ಊಟ ಆಯ್ತಾ ಅಂತ ಕೇಳಿ, ಸಾಕು.

ಹೋದ ಭಾನುವಾರ ಕಟ್ಟಡ ಕೆಲಸದ ಒಂದು ಸಂಸಾರ ನಮ್ಮ ಚರ್ಚಿನ ಆರಾಧನೆಗೆ ಬಂದು, ಚಪ್ಪಲಿ ಬಿಡೋ ಜಾಗದಲ್ಲಿ ಕೂತು ಎದ್ದು ಹೋಯ್ತು. ನೀವು ನೋಡಿದ್ರಿ. ನಾನೂ ನೋಡಿದೆ, ನೋಡಿಯೂ ಪ್ರಸಂಗ ಮುಂದುವರಿಸಿದೆ, ಅದು ನನ್ನ ಪಾಪ. ಅವರು ಇವತ್ತೂ ಬಂದಿದ್ದಾರೆ, ಅಲ್ಲೇ ಕೂತಿದ್ದಾರೆ. ಬೆಂಚಲ್ಲಿ ಸ್ವಲ್ಪ ಸರಿದು ಕೂತ್ಕೊಳ್ಳಿ. ಅವರು ಒಳಗೆ ಬಂದು ಕೂರುವ ತನಕ ನಾನು ಮುಂದಿನ ಬೈಬಲ್ ವಚನ ಓದೋದಿಲ್ಲ.